ತಂಗಿಯ ಹೆಸರಿನ ಪಾಲಿಸಿ: ಬಾಡಿಗೆ ತಾಯ್ತನಕ್ಕೆ ಹೊರಟವರು ವಿಮೆ ಮತ್ತು ಕಾಗದಪತ್ರ ನೋಡಿಕೊಳ್ಳುವುದು ಹೇಗೆ

2018ರಲ್ಲಿ ನನಗೆ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಲಿಲ್ಲ. ಜೀವ ಉಳಿಸಲು ಗರ್ಭಕೋಶ ತೆಗೆದರು. ಮಗು ಎರಡು ದಿನ ಇತ್ತು, ಆಮೇಲೆ ಹೋಯಿತು. ಅದಾಗಿ ಐದು ವರ್ಷ ನಮ್ಮ ಮನೆಯಲ್ಲಿ ಮಕ್ಕಳ ವಿಷಯ ಯಾರೂ ಎತ್ತಲಿಲ್ಲ.

2023ರ ದೀಪಾವಳಿಗೆ ಚಿಕ್ಕಮ್ಮನ ಮಗಳು ಬಂದಿದ್ದಳು. ಅವಳಿಗೆ ಆಗ ಮೂವತ್ತೊಂದು. ಆರು ವರ್ಷದ ಮಗ ಇದ್ದಾನೆ. ರಾತ್ರಿ ಪಾತ್ರೆ ತೊಳೆಯುವಾಗ, "ಅಕ್ಕಾ, ನಿಂಗೆ ಬೇಕು ಅಂದ್ರೆ ನಾನು ಹೊರ್ತೀನಿ" ಅಂದಳು. ಮೊದಲು ನನಗೆ ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೈಯಲ್ಲಿದ್ದ ಲೋಟ ಅಲ್ಲೇ ಇಟ್ಟು ಕೂತುಬಿಟ್ಟೆ.

ಸಂಕ್ರಾಂತಿ ಕಳೆದ ಮೇಲೆ ನಾನೂ ನನ್ನ ಗಂಡನೂ ತಿಪಟೂರಿನ ಅವಳ ಮನೆಗೆ ಹೋದೆವು. ಅವಳ ಗಂಡ ಕೊಬ್ಬರಿ ವ್ಯಾಪಾರ ಮಾಡುತ್ತಾರೆ. ಅವರು ಒಪ್ಪಿದ್ದರು. ಅವಳ ಅತ್ತೆ ಮಾತ್ರ ಒಂದೇ ಮಾತು ಕೇಳಿದರು: "ಎಲ್ಲಾ ಸರಿ ಕಣಮ್ಮ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಮ್ಮ ಹುಡುಗೀನ ಯಾರು ನೋಡ್ತಾರೆ?"

ಆ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು ಅಂತ ನನಗೆ ಅವತ್ತೇ ಅನ್ನಿಸಿತು. ನಾನು ತುಮಕೂರಿನ ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡುವವಳು. ಕಾಗದ ಓದುವುದು ನನ್ನ ಕೆಲಸ. ಮುಂದಿನ ಒಂದೂವರೆ ವರ್ಷ ಆ ಅಜ್ಜಿಯ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಒಂದೊಂದು ಕಾಗದ ಮಾಡಿಸಿದೆ. ಈ ದಾರಿಗೆ ಹೊಸದಾಗಿ ಬರುವವರಿಗೆ ಉಪಯೋಗವಾಗಲಿ ಅಂತ ಅದನ್ನೇ ಬರೆಯುತ್ತಿದ್ದೇನೆ. ತಂಗಿಯ ಹೆಸರು ಬರೆಯುವುದಿಲ್ಲ. ಅವಳು ಬೇಡ ಅಂದಿದ್ದಾಳೆ.

ಮೊದಲು, ಕಾನೂನು ಯಾರಿಗೆ ಹೌದು ಅನ್ನುತ್ತದೆ

ಎರಡು ಕಾಯ್ದೆಗಳಿವೆ. ಎರಡೂ 2021ರವು, ಎರಡೂ 2022ರ ಜನವರಿ 25ರಿಂದ ಜಾರಿಯಲ್ಲಿವೆ. ಬಾಡಿಗೆ ತಾಯ್ತನಕ್ಕೆ ಒಂದು. ಐವಿಎಫ್ (ಪ್ರಯೋಗಾಲಯದಲ್ಲಿ ಭ್ರೂಣ ಮಾಡುವ ಚಿಕಿತ್ಸೆ), ಅಂಡಾಣು ದಾನ, ವೀರ್ಯ ದಾನ ಇವಕ್ಕೆಲ್ಲ ಇನ್ನೊಂದು. ನಮ್ಮಂಥವರಿಗೆ ಎರಡೂ ಅನ್ವಯಿಸುತ್ತವೆ, ಯಾಕೆಂದರೆ ಭ್ರೂಣ ತಯಾರಾಗುವುದು ಐವಿಎಫ್‌ನಲ್ಲೇ.

'ಬಾಡಿಗೆ ತಾಯಿ' ಎಂಬ ಮಾತು ನನಗೆ ಇಷ್ಟವಿಲ್ಲ. ಆದರೆ ಕಚೇರಿಗಳಲ್ಲಿ, ಪೇಪರಿನಲ್ಲಿ ಎಲ್ಲ ಕಡೆ ಅದೇ ಪದ ಇದೆ. ಕಾನೂನು ನಿಷೇಧಿಸಿರುವುದೇ ಬಾಡಿಗೆಯನ್ನು. ಹೊರುವ ಹೆಂಗಸಿಗೆ ವೈದ್ಯಕೀಯ ಖರ್ಚು, ನಿಯಮಗಳು ಹೇಳುವ ಇತರ ಖರ್ಚು ಮತ್ತು ವಿಮೆ, ಇಷ್ಟು ಬಿಟ್ಟು ಒಂದು ರೂಪಾಯಿಯೂ ಕೊಡುವಂತಿಲ್ಲ. ದುಡ್ಡಿಗಾಗಿ ಮಾಡಿಸುವ ಕ್ಲಿನಿಕ್ಕಿಗೆ, ಮಧ್ಯವರ್ತಿಗೆ 10 ವರ್ಷದವರೆಗೆ ಜೈಲು, 10 ಲಕ್ಷದವರೆಗೆ ದಂಡ. ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ದಂಪತಿಗೂ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲಿದೆ.

ದಂಪತಿ ಭಾರತೀಯರಾಗಿರಬೇಕು. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವರ್ಷ. ಬದುಕಿರುವ ಮಗು ಇರಬಾರದು, ದತ್ತು ಮಗುವೂ ಸೇರಿ. ಮಗುವಿಗೆ ಅಂಗವೈಕಲ್ಯ, ಬುದ್ಧಿಮಾಂದ್ಯ ಅಥವಾ ವಾಸಿಯಾಗದ ಪ್ರಾಣಾಂತಿಕ ಕಾಯಿಲೆ ಇದ್ದರೆ ಮಾತ್ರ ವಿನಾಯಿತಿ. ಒಂಟಿ ಹೆಂಗಸರಲ್ಲಿ ವಿಧವೆ ಅಥವಾ ವಿಚ್ಛೇದಿತೆಗೆ ಅವಕಾಶ ಇದೆ, ವಯಸ್ಸು 35ರಿಂದ 45. ಹೊರದೇಶದ ಪೌರತ್ವ ತೆಗೆದುಕೊಂಡಿರುವ ಭಾರತೀಯ ಮೂಲದ ದಂಪತಿಗೆ ಇದರ ಜೊತೆ ರಾಷ್ಟ್ರೀಯ ಮಂಡಳಿಯ ಶಿಫಾರಸು ಪತ್ರ ಬೇಕು.

ಹೊರುವವಳಿಗೆ ಮದುವೆಯಾಗಿರಬೇಕು, ಸ್ವಂತ ಮಗು ಇರಬೇಕು, ಭ್ರೂಣ ಇಡುವ ದಿನ 25ರಿಂದ 35ರೊಳಗೆ ಇರಬೇಕು. ಜೀವನದಲ್ಲಿ ಒಂದೇ ಸಲ. ಅವಳ ಸ್ವಂತ ಅಂಡಾಣು ಬಳಸುವಂತಿಲ್ಲ. ಹತ್ತಿರದ ಸಂಬಂಧಿಯೇ ಆಗಬೇಕು ಎಂದು ತುಂಬಾ ಜನ ಹೇಳುತ್ತಾರೆ. ಅದು ಹಳೆಯ ಮಸೂದೆಯಲ್ಲಿದ್ದ ಮಾತು, ಕಾಯ್ದೆಯಲ್ಲಿ ಇಲ್ಲ. ಸ್ವಇಚ್ಛೆಯಿಂದ ಒಪ್ಪುವ ಹೆಂಗಸು ಆದರೆ ಸಾಕು.

ವಯಸ್ಸಿನ ಗೆರೆ ದಾಟಿದವರು ಕೂಡಲೇ ಕೈಚೆಲ್ಲಬೇಡಿ. 2023ರಲ್ಲಿ ಬೆಳೆದ ಮಗನನ್ನು ಕಳೆದುಕೊಂಡ ದಂಪತಿ ನಮ್ಮ ಹೈಕೋರ್ಟಿಗೆ ಹೋಗಿದ್ದರು. ಗಂಡನ ವಯಸ್ಸು 55 ದಾಟಿತ್ತು. ಬಾಗಿಲು ಮುಚ್ಚುವ ಬದಲು ನ್ಯಾಯಾಲಯ ಆನುವಂಶಿಕ, ದೈಹಿಕ, ಆರ್ಥಿಕ ಎಂದು ಮೂರು ಪರೀಕ್ಷೆ ಇಟ್ಟು ನೋಡಬೇಕು ಅಂದಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಬರುವ ಮೊದಲೇ ಭ್ರೂಣ ಮಾಡಿಸಿ ಫ್ರೀಜ್ ಮಾಡಿಟ್ಟಿದ್ದ ದಂಪತಿಗಳಿಗೆ ಈ ವಯೋಮಿತಿ ಅನ್ವಯಿಸುವುದಿಲ್ಲ ಎಂದು ಹೇಳಿದೆ. ನಿಮ್ಮದು ಅಂಥ ಪ್ರಕರಣವಾದರೆ ಹಳೆಯ ಕ್ಲಿನಿಕ್ಕಿನ ದಿನಾಂಕ ಇರುವ ಪ್ರತಿ ಚೀಟಿಯನ್ನೂ ಜೋಪಾನ ಮಾಡಿ.

ಮೂರು ಕಾಗದ, ಆಮೇಲೆ ಪ್ರಮಾಣಪತ್ರ

ಆಸ್ಪತ್ರೆ ಮುಂದುವರಿಯಬೇಕಾದರೆ, ಕಾಯ್ದೆಯ ಅಡಿ ನೇಮಿಸಿದ ಪ್ರಾಧಿಕಾರದಿಂದ 'ಅಗತ್ಯ ಪ್ರಮಾಣಪತ್ರ', ಅಂದರೆ ಬಾಡಿಗೆ ತಾಯ್ತನ ನಿಮಗೆ ಅಗತ್ಯ ಎಂಬ ಪತ್ರ, ಬೇಕು. ದಂಪತಿಗೂ ಹೊರುವವಳಿಗೂ ಬೇರೆ ಬೇರೆ ಅರ್ಹತಾ ಪತ್ರವೂ ಬೇಕು. ಅಗತ್ಯ ಪ್ರಮಾಣಪತ್ರ ಸಿಗುವುದಕ್ಕೆ ಮೂರು ಕಾಗದ ಕೈಯಲ್ಲಿರಬೇಕು: ಜಿಲ್ಲಾ ವೈದ್ಯಕೀಯ ಮಂಡಳಿಯ ಪತ್ರ, ಮ್ಯಾಜಿಸ್ಟ್ರೇಟ್ ಆದೇಶ, ವಿಮೆ ಪಾಲಿಸಿ.

ವೈದ್ಯಕೀಯ ಮಂಡಳಿ ನನಗೆ ಸುಲಭವಾಯಿತು. ಗರ್ಭಕೋಶ ಇಲ್ಲದಿರುವುದು ನಿಯಮದಲ್ಲೇ ಮೊದಲ ಕಾರಣ. ಪದೇ ಪದೇ ಐವಿಎಫ್ ವಿಫಲವಾದವರು, ಕಾರಣ ಗೊತ್ತಾಗದೆ ಮತ್ತೆ ಮತ್ತೆ ಗರ್ಭಪಾತವಾದವರು, ಬಸುರಿಯಾದರೆ ಜೀವಕ್ಕೇ ಅಪಾಯ ಇರುವವರು ಕೂಡ ಬರುತ್ತಾರೆ. 2018ರ ಡಿಸ್ಚಾರ್ಜ್ ಸಮ್ಮರಿ ಮತ್ತು ಆಪರೇಷನ್ ನೋಟ್ಸ್ ಎರಡನ್ನೂ ತೆಗೆದುಕೊಂಡು ಹೋಗಿದ್ದೆ. ಬರೀ ಡಿಸ್ಚಾರ್ಜ್ ಸಮ್ಮರಿ ಸಾಲುತ್ತಿರಲಿಲ್ಲ.

ಮ್ಯಾಜಿಸ್ಟ್ರೇಟ್ ಆದೇಶಕ್ಕೆ ನಾವಿಬ್ಬರೂ ತಂಗಿಯೂ ಸೇರಿ ಅರ್ಜಿ ಹಾಕಬೇಕು. ಹುಟ್ಟುವ ಮಗುವಿನ ತಂದೆ ತಾಯಿ ಯಾರು, ಮಗು ಯಾರ ಸುಪರ್ದಿಗೆ ಎಂದು ಮೊದಲ ದರ್ಜೆ ಮ್ಯಾಜಿಸ್ಟ್ರೇಟ್ ಅಥವಾ ಅದಕ್ಕಿಂತ ಮೇಲಿನ ಕೋರ್ಟು ಮೊದಲೇ ಆದೇಶ ಮಾಡುತ್ತದೆ. ಮಗು ಹುಟ್ಟಿದ ಮೇಲೆ ಜನನದ ಅಫಿಡವಿಟ್ ಆಗುವುದೂ ಅದೇ ಕಾಗದ. ನಮಗೆ ಏಪ್ರಿಲ್‌ನಿಂದ ಜುಲೈವರೆಗೆ ಹಿಡಿಯಿತು. ನಮ್ಮ ವಕೀಲರು ಇಂಥ ಅರ್ಜಿ ಮೊದಲ ಸಲ ಹಾಕುತ್ತಿದ್ದರು. ಕಾಯ್ದೆಯ 4ನೇ ಸೆಕ್ಷನ್ನಿನ ಪ್ರತಿ ಮುಂದಿಟ್ಟುಕೊಂಡು ಕೂತು ಬರೆದರು. ಆದೇಶ ಬಂದ ದಿನವೇ ಆರು ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ. ನಾವು ಎರಡೇ ತೆಗೆಸಿ, ಆಮೇಲೆ ಮತ್ತೆ ಅಲೆದೆವು.

ಇನ್ನು ಮೂರನೆಯದು ವಿಮೆ. ಎಲ್ಲರೂ ಎಡವುವುದು ಇಲ್ಲೇ.

ನಾವು ಮೊದಲು ಕೊಂಡ ಪಾಲಿಸಿ

2022ರ ನಿಯಮ ಹೀಗೆ ಹೇಳುತ್ತದೆ: ದಂಪತಿ ಹೊರುವವಳ ಹೆಸರಿನಲ್ಲಿ 36 ತಿಂಗಳ ಆರೋಗ್ಯ ವಿಮೆ ಮಾಡಿಸಬೇಕು. ಬಸುರಿನಿಂದ ಬರುವ ಎಲ್ಲ ತೊಡಕುಗಳಿಗೂ, ಹೆರಿಗೆಯಾದ ನಂತರದ ತೊಡಕುಗಳಿಗೂ ಸಾಲುವಷ್ಟು ಮೊತ್ತ ಇರಬೇಕು. ಇಷ್ಟು ಲಕ್ಷ ಎಂದು ನಿಯಮದಲ್ಲಿ ಬರೆದಿಲ್ಲ. 'ಸಾಲುವಷ್ಟು' ಎಂದಿದೆ.

ನಮ್ಮ ಕಡೆ ಬಾಣಂತನ ಅಂದರೆ ಮೂರು ತಿಂಗಳು, ತವರು ಗಟ್ಟಿಯಿದ್ದರೆ ಐದು ತಿಂಗಳು. ಕಾನೂನು ಮೂರು ವರ್ಷ ಅನ್ನುತ್ತದೆ. ಅದನ್ನು ಓದಿದಾಗ, ಇದನ್ನು ಬರೆದವರಿಗೆ ಹೆರಿಗೆಯಾದ ಮೈ ಎಂದರೇನು ಅಂತ ಗೊತ್ತಿತ್ತು ಅನ್ನಿಸಿ ಮನಸ್ಸು ತುಂಬಿಬಂತು.

ಜೂನ್‌ನಲ್ಲಿ ಪರಿಚಯದ ಏಜೆಂಟರೊಬ್ಬರು ಒಂದು ಪಾಲಿಸಿ ತಂದುಕೊಟ್ಟರು. 5 ಲಕ್ಷ, ತಂಗಿಯ ಹೆಸರು, ಮೂರು ವರ್ಷ. "ಮೇಡಂ, ಫೈಲಿಗೆ ಇಷ್ಟು ಸಾಕು" ಅಂದರು. ಪಾಲಿಸಿ ಪುಸ್ತಕ ಮನೆಗೆ ಬಂದ ರಾತ್ರಿ ಕೂತು ಪೂರ್ತಿ ಓದಿದೆ. ಕೊನೆಯ ಪುಟಗಳಲ್ಲಿ ಹೊರತುಪಡಿಸಿದವುಗಳ ಪಟ್ಟಿ ಇತ್ತು. ಎಕ್ಸ್‌ಕ್ಲೂಷನ್ ಕೋಡ್ 17: ಬಂಜೆತನದ ಚಿಕಿತ್ಸೆ, ಐವಿಎಫ್, ಬಾಡಿಗೆ ತಾಯ್ತನ, ಯಾವುದಕ್ಕೂ ದುಡ್ಡು ಇಲ್ಲ. ಕೋಡ್ 18: ಹೆರಿಗೆ, ತೊಡಕಿನ ಹೆರಿಗೆ, ಸಿಜೇರಿಯನ್, ಗರ್ಭಪಾತ, ಇವಕ್ಕೂ ಇಲ್ಲ. ಅಂದರೆ ಯಾವುದಕ್ಕಾಗಿ ಪಾಲಿಸಿ ಕೊಂಡೆವೋ ಅದೇ ಅದರಲ್ಲಿ ಇರಲಿಲ್ಲ. ಅಂಥ ಕಾಗದ ಹಿಡಿದು ಆ ಅತ್ತೆಯ ಮುಖ ಹೇಗೆ ನೋಡಲಿ?

ಈ ಎರಡು ಕೋಡುಗಳನ್ನು ನೆನಪಿಟ್ಟುಕೊಳ್ಳಿ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಈ ಸಂಖ್ಯೆಗಳನ್ನು ಎಲ್ಲ ಕಂಪನಿಗೂ ಒಂದೇ ಮಾಡಿದೆ. ಯಾವ ಕಂಪನಿಯ ಪುಸ್ತಕವಾದರೂ 17 ಮತ್ತು 18 ಎಲ್ಲಿವೆ ಅಂತ ಹುಡುಕಿ. ಅವು ಇದ್ದರೆ, ಅವನ್ನು ಸಡಿಲಿಸುವ ಬೇರೆ ಸಾಲು ಅದೇ ಪುಸ್ತಕದಲ್ಲಿ ಇರಲೇಬೇಕು. ಏಜೆಂಟರ ಬಾಯಿಮಾತಿಗೆ, ವಾಟ್ಸಾಪ್ ಸಂದೇಶಕ್ಕೆ ಬೆಲೆ ಇಲ್ಲ.

ಅದೃಷ್ಟಕ್ಕೆ ಫ್ರೀ ಲುಕ್ ಎಂಬ ಅವಕಾಶ ಇದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ವಾಪಸ್ ಮಾಡಬಹುದು. 2024ಕ್ಕೆ ಮೊದಲು ಆರೋಗ್ಯ ವಿಮೆಗೆ ಬರೀ 15 ದಿನ ಇತ್ತು. ನಾವು ಒಂಬತ್ತನೇ ದಿನ ಈಮೇಲ್ ಹಾಕಿದೆವು. ಸಣ್ಣಪುಟ್ಟ ಕಡಿತ ಬಿಟ್ಟು ದುಡ್ಡು ವಾಪಸ್ ಬಂತು.

ಎರಡನೇ ಸಲ ಹೇಗೆ ಕೇಳಿದೆವು

ಈ ಬಾರಿ ನಾಲ್ಕು ಕಂಪನಿಗೆ ಒಂದೇ ಈಮೇಲ್ ಕಳಿಸಿದೆ. ಫೋನಿನಲ್ಲಿ ಕೇಳಲಿಲ್ಲ. ಉತ್ತರ ಬರಹದಲ್ಲಿ ಬೇಕಿತ್ತು. 2021ರ ಕಾಯ್ದೆಯ ಪ್ರಕಾರ ಹೊರುವವಳಿಗೆ ಕೊಡುವ ಪಾಲಿಸಿ ನಿಮ್ಮಲ್ಲಿದೆಯೇ, ಎಂದು ಮೊದಲ ಸಾಲಿನಲ್ಲೇ ಬರೆದೆ. ಆಮೇಲೆ ನನ್ನ ಪ್ರಶ್ನೆಗಳು. ಹೆರಿಗೆ ಖರ್ಚಿಗೆ ಕಾಯುವ ಅವಧಿ ಇದೆಯೇ? ಬೇರೆ ಪಾಲಿಸಿಗಳಲ್ಲಿ ಹೆರಿಗೆಗೆ ಎರಡು, ಮೂರು ವರ್ಷ ಕಾಯಬೇಕಾಗುತ್ತದೆ, ಅಷ್ಟು ಕಾದರೆ ನಮಗೆ ಪಾಲಿಸಿಯೇ ಮುಗಿದುಹೋಗುತ್ತದೆ. ಹೆರಿಗೆ ಖರ್ಚಿಗೆ ಬೇರೆ ಮಿತಿ ಇದೆಯೇ? ತೊಡಕುಗಳು ಆ ಮಿತಿಯೊಳಗೆ ಬರುತ್ತವೆಯೋ, ಪೂರ್ತಿ ಮೊತ್ತದಿಂದ ಬರುತ್ತವೆಯೋ? ಗರ್ಭಪಾತ, ಗರ್ಭನಾಳದಲ್ಲಿ ಗರ್ಭ, ಬಸುರಿನಲ್ಲಿ ಬರುವ ಶುಗರ್ ಮತ್ತು ಬಿಪಿ, ಹೆರಿಗೆ ನಂತರದ ರಕ್ತಸ್ರಾವ, ಸೋಂಕು, ಬಾಣಂತಿಯ ಖಿನ್ನತೆಗೆ ಆಸ್ಪತ್ರೆ ಸೇರಿದರೆ, ಒಂದೊಂದಕ್ಕೂ ಹೌದೋ ಅಲ್ಲವೋ ಅಂತ ಕೇಳಿದೆ. ತಿಪಟೂರಿನಲ್ಲಿ, ತುಮಕೂರಿನಲ್ಲಿ ಕ್ಯಾಶ್‌ಲೆಸ್ (ಬಿಲ್ಲನ್ನು ಕಂಪನಿಯೇ ನೇರ ಕಟ್ಟುವ) ಆಸ್ಪತ್ರೆ ಯಾವುದಿದೆ ಅಂತಲೂ ಕೇಳಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಪಟ್ಟಿ ಇಟ್ಟುಕೊಂಡು ಏನು ಮಾಡುವುದು? ರಾತ್ರಿ ಹತ್ತಕ್ಕೆ ಜ್ವರ ಬಂದರೆ ಅವಳು ಹೋಗುವುದು ತಿಪಟೂರಿನ ಆಸ್ಪತ್ರೆಗೆ.

ಇಬ್ಬರು ಉತ್ತರ ಕೊಡಲಿಲ್ಲ. ಒಬ್ಬರ ಪಾಲಿಸಿಯಲ್ಲಿ ಹೆರಿಗೆಯ ತೊಡಕು ಪೂರ್ತಿ ಮೊತ್ತದಿಂದ ಸಿಗುತ್ತಿತ್ತು. ಅದನ್ನೇ ತೆಗೆದುಕೊಂಡೆವು. 10 ಲಕ್ಷ, ಮೂರು ವರ್ಷಕ್ಕೂ ಒಂದೇ ಸಲ ಪ್ರೀಮಿಯಂ ಕಟ್ಟಿದೆವು. ವರ್ಷವರ್ಷ ಕಟ್ಟುವ ಪಾಲಿಸಿ ತೆಗೆದುಕೊಂಡರೆ ಒಂದು ವರ್ಷ ಮರೆತರೂ 36 ತಿಂಗಳು ತುಂಡಾಗುತ್ತದೆ. ಆಗ ಪ್ರೀಮಿಯಂ ಮೇಲೆ ಶೇ. 18 ಜಿಎಸ್‌ಟಿ ಇತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ನಿಮಗೆ ಅಷ್ಟು ಉಳಿಯುತ್ತದೆ. ಆದರೆ ಈ ಪ್ರೀಮಿಯಂಗೆ ಆದಾಯ ತೆರಿಗೆ ವಿನಾಯಿತಿ (1961ರ ಕಾಯ್ದೆಯಲ್ಲಿ 80ಡಿ) ಸಿಗುವುದಿಲ್ಲ. ಅದು ತನಗೆ, ಗಂಡ ಹೆಂಡತಿಗೆ, ಅವಲಂಬಿತ ಮಕ್ಕಳಿಗೆ, ತಂದೆ ತಾಯಿಗೆ ಮಾತ್ರ.

ಅರ್ಜಿ ತುಂಬುವಾಗ ಇನ್ನೊಂದು ತೊಡಕು ಬಂತು. ಕಂಪ್ಯೂಟರಿನಲ್ಲಿ ಸಂಬಂಧ ಯಾವುದು ಎಂಬ ಕಡೆ ಹೆಂಡತಿ, ಮಗಳು, ತಾಯಿ ಅಂತೆಲ್ಲ ಇತ್ತು. ಚಿಕ್ಕಮ್ಮನ ಮಗಳು ಇರಲಿಲ್ಲ, ಬಾಡಿಗೆ ತಾಯಿಯೂ ಇರಲಿಲ್ಲ. "ಸುಮ್ನೆ ಸಿಸ್ಟರ್ ಅಂತ ಹಾಕಿ" ಅಂದರು. ನಾನು ಒಪ್ಪಲಿಲ್ಲ. ಕೊನೆಗೆ ಪಾಲಿಸಿಯ ಅರ್ಜಿದಾರಳೂ ವಿಮೆ ಪಡೆಯುವವಳೂ ತಂಗಿಯೇ ಆದಳು. ದುಡ್ಡು ನಮ್ಮ ಖಾತೆಯಿಂದ ನೇರ ಕಂಪನಿಗೆ ಹೋಯಿತು, ರಸೀದಿ ಫೈಲಿಗೆ ಸೇರಿತು. ನಾಮಿನಿ ಅವಳ ಗಂಡ. ಕ್ಲೇಮಿನ ದುಡ್ಡು ಬರುವ ಖಾತೆ ಅವಳದು. ಹೀಗೆ ಮಾಡಿದ್ದು ಒಳ್ಳೆಯದಾಯಿತು. ನಾಳೆ ನಮ್ಮ ನಮ್ಮಲ್ಲಿ ಮನಸ್ತಾಪವೇ ಬಂದರೂ ಆ ಪಾಲಿಸಿ ಅವಳ ಕೈಲಿರುತ್ತದೆ.

ತಂಗಿಗೆ ಥೈರಾಯ್ಡ್ ಮಾತ್ರೆ ನಡೆಯುತ್ತಿತ್ತು. ಅದನ್ನು ಬರೆಯಬೇಡಿ ಎಂದು ಸಲಹೆ ಕೊಟ್ಟವರೂ ಇದ್ದರು. ದಯವಿಟ್ಟು ಹಾಗೆ ಮಾಡಬೇಡಿ. ಹೊರುವ ವಿಷಯವನ್ನೂ ಕಾಯಿಲೆಯ ವಿಷಯವನ್ನೂ ಅರ್ಜಿಯಲ್ಲೇ ಬರೆಯಿರಿ. ಮುಚ್ಚಿಟ್ಟ ಒಂದು ಮಾತ್ರೆ ನೆಪವಾಗಿ ಕ್ಲೇಮು ಪೂರ್ತಿ ತಿರಸ್ಕಾರ ಆಗಬಹುದು.

ಅಂಡಾಣು ದಾನಿಯ ನೆರವು ಬೇಕಾದವರಿಗೆ ಲೆಕ್ಕ ಬೇರೆ. ದಾನಿಗೆ 12 ತಿಂಗಳ ವಿಮೆ ಮಾಡಿಸಬೇಕು, ಅಂಡಾಣು ತೆಗೆಯುವಾಗ ಬರುವ ತೊಡಕುಗಳಿಗೆ ಸಾಲುವಷ್ಟು. ದಾನಿಗೆ 23ರಿಂದ 35 ವರ್ಷ, ಜೀವನದಲ್ಲಿ ಒಂದೇ ಸಲ, ಏಳಕ್ಕಿಂತ ಜಾಸ್ತಿ ಅಂಡಾಣು ತೆಗೆಯುವಂತಿಲ್ಲ. ಬಾಡಿಗೆ ತಾಯ್ತನದಲ್ಲಿ ದಾನಿಯ ಅಂಡಾಣು ಅಥವಾ ವೀರ್ಯ ಬಳಸಲು 2023ರ ಮಾರ್ಚ್‌ನಲ್ಲಿ ತಡೆ ಬಂದಿತ್ತು. 2024ರ ಫೆಬ್ರವರಿಯಲ್ಲಿ ಅದನ್ನು ಬದಲಿಸಿದರು. ಈಗ ಗಂಡ ಹೆಂಡತಿಯಲ್ಲಿ ಒಬ್ಬರಿಗೆ ವೈದ್ಯಕೀಯ ಕಾರಣ ಇದೆ ಎಂದು ಜಿಲ್ಲಾ ಮಂಡಳಿ ಬರೆದುಕೊಟ್ಟರೆ ಆಗುತ್ತದೆ. ಇನ್ನೊಬ್ಬರದ್ದಾದರೂ ಇರಲೇಬೇಕು. ವಿಧವೆ, ವಿಚ್ಛೇದಿತೆಯಾದರೆ ಅಂಡಾಣು ಅವರದ್ದೇ ಆಗಬೇಕು.

ಅಫಿಡವಿಟ್ ಮತ್ತು ಒಪ್ಪಿಗೆ ಪತ್ರ

ಆರೋಗ್ಯ ವಿಮೆ ಆಸ್ಪತ್ರೆಯ ಬಿಲ್ಲು ಕಟ್ಟುತ್ತದೆ. ಅಷ್ಟೇ. ಅವಳಿಗೆ ಶಾಶ್ವತವಾಗಿ ಏನಾದರೂ ಆದರೆ, ಅಥವಾ ಆಡಬಾರದ ಮಾತು, ಜೀವಕ್ಕೇ ಏನಾದರೂ ಆದರೆ, ಆ ಪಾಲಿಸಿಯಿಂದ ಅವಳ ಮನೆಗೆ ಏನೂ ಬರುವುದಿಲ್ಲ. ಅದಕ್ಕಾಗಿ ನಿಯಮದಲ್ಲಿ ಇನ್ನೊಂದು ಕಾಗದ ಇದೆ. ವೈದ್ಯಕೀಯ ಖರ್ಚು, ಅನಾರೋಗ್ಯ, ನಷ್ಟ, ಸಾವು, ಇವಕ್ಕೆಲ್ಲ ಪರಿಹಾರ ನಮ್ಮ ಹೊಣೆ ಎಂದು ದಂಪತಿ ಮ್ಯಾಜಿಸ್ಟ್ರೇಟ್ ಅಥವಾ ನೋಟರಿ ಮುಂದೆ ಅಫಿಡವಿಟ್ ಕೊಡಬೇಕು. ತುಂಬಾ ಜನ ಇದನ್ನು ಛಾಪಾ ಕಾಗದದ ಒಂದು ಶಾಸ್ತ್ರ ಅಂತ ಮುಗಿಸುತ್ತಾರೆ. ನಾವು 4 ಲಕ್ಷ ರೂಪಾಯಿಯನ್ನು ನಮ್ಮಿಬ್ಬರ ಹೆಸರಿನಲ್ಲಿ ಎಫ್‌ಡಿ ಇಟ್ಟೆವು. ಅವಳ ಹೆಸರಿನಲ್ಲಿ ಇಟ್ಟಿದ್ದರೆ ಅದೇ ಬಾಡಿಗೆ ಅನ್ನಿಸಿಕೊಳ್ಳುವ ಅಪಾಯ ಇತ್ತು. ಮೂರು ವರ್ಷ ಮುಟ್ಟುವುದಿಲ್ಲ ಎಂದು ಅವಳ ಅತ್ತೆಗೆ ರಸೀದಿ ತೋರಿಸಿ ಹೇಳಿದೆ.

ಇಲ್ಲಿ ನನ್ನ ಮನಸ್ಸಿನ ಒಂದು ನೋವು ಹೇಳಬೇಕು. ತಂಗಿ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಬಸುರಿನ ಕೊನೆಯ ನಾಲ್ಕು ತಿಂಗಳು, ಬಾಣಂತನದ ಮೂರು ತಿಂಗಳು ಮೆಷಿನ್ ಮುಟ್ಟಲಿಲ್ಲ. ಆ ಸಂಪಾದನೆ ಹೋಯಿತು. ಅದನ್ನು ತುಂಬಿಕೊಡಲು ಕಾನೂನು ನಮಗೆ ದಾರಿ ಕೊಟ್ಟಿಲ್ಲ. ಇದು ಸರಿಯಲ್ಲ ಎಂದು ನಾನು ಈಗಲೂ ನಂಬುತ್ತೇನೆ. ದುಡ್ಡಿನಾಸೆಗೆ ಹೆಣ್ಣುಮಕ್ಕಳನ್ನು ಎಳೆದು ತರುವುದನ್ನು ತಡೆಯಬೇಕು, ನಿಜ. ಕಳೆದುಹೋದ ದುಡಿಮೆಯನ್ನು ಲೆಕ್ಕ ಹಾಕಿ ಕೊಡುವುದು ಅದಲ್ಲ, ಅಲ್ವಾ? ಆದರೂ ಕದ್ದುಮುಚ್ಚಿ ಕೈಗೆ ನೋಟು ಕೊಡಬೇಡಿ. ಸಿಕ್ಕಿಬಿದ್ದರೆ ಅವಳಿಗೂ ತೊಂದರೆ.

ಒಪ್ಪಿಗೆ ಪತ್ರ ಅವಳಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು ಎಂದು ಕಾಯ್ದೆಯ 6ನೇ ಸೆಕ್ಷನ್ ಹೇಳುತ್ತದೆ. ಆಸ್ಪತ್ರೆಯವರು ಇಂಗ್ಲಿಷ್ ಫಾರಂ ಕೊಟ್ಟು, ಸಹಿ ಎಲ್ಲೆಲ್ಲಿ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದರು. ನಾವು ಕನ್ನಡದ್ದು ಬೇಕು ಅಂದೆವು. ಒಂದು ವಾರ ತಡವಾಯಿತು. ಕನ್ನಡದ ಪ್ರತಿ ಬಂದ ಮೇಲೆ ತಂಗಿ ಅದನ್ನು ಮನೆಗೆ ಒಯ್ದು, ಗಂಡ ಅತ್ತೆ ಎದುರು ಗಟ್ಟಿಯಾಗಿ ಓದಿದಳು. ಓದಿದ ಮೇಲೆ ಎರಡು ಪ್ರಶ್ನೆ ಕೇಳಿದಳು. ಎಷ್ಟು ಸಲ ಪ್ರಯತ್ನ ಮಾಡುತ್ತಾರೆ? ಮೂರು ಸಲಕ್ಕಿಂತ ಹೆಚ್ಚಿಲ್ಲ. ಎಷ್ಟು ಭ್ರೂಣ ಇಡುತ್ತಾರೆ? ಸಾಮಾನ್ಯವಾಗಿ ಒಂದೇ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಭ್ರೂಣ ಇಡುವ ಕ್ಷಣದವರೆಗೂ ಬೇಡ ಅನ್ನುವ ಹಕ್ಕು ಅವಳಿಗಿದೆ. ಗರ್ಭ ತೆಗೆಸು ಎಂದು ಅವಳನ್ನು ಯಾರೂ, ನಾವೂ ಕೂಡ, ಒತ್ತಾಯಿಸುವಂತಿಲ್ಲ. ಇದನ್ನು ನಾನೇ ಅವಳಿಗೆ ಹೇಳಿದೆ. ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದ ತಿಳಿಯಲಿ ಅಂತ.

ಆಸ್ಪತ್ರೆಗೆ ಮೊದಲ ಸಲ ಹೋದಾಗಲೇ ನೋಂದಣಿ ಪತ್ರ ಗೋಡೆಯ ಮೇಲೆ ಇದೆಯೇ ನೋಡಿ. ಬಾಡಿಗೆ ತಾಯ್ತನಕ್ಕೆ ಬೇರೆ ನೋಂದಣಿ, ಐವಿಎಫ್‌ಗೆ ಬೇರೆ.

ಹೆರಿಗೆಯ ದಿನದ ಕಾಗದ

ಅಕ್ಟೋಬರ್‌ನಲ್ಲಿ ಮೊದಲ ಪ್ರಯತ್ನ ನಿಲ್ಲಲಿಲ್ಲ. ಡಿಸೆಂಬರ್‌ನಲ್ಲಿ ಎರಡನೆಯದು ನಿಂತಿತು. 2025ರ ಆಗಸ್ಟ್ ಮೊದಲ ವಾರ, 36 ವಾರಕ್ಕೆ, ಸಿಜೇರಿಯನ್ ಮಾಡಿ ಮಗಳನ್ನು ತೆಗೆದರು. ಉಸಿರಾಟ ಸ್ವಲ್ಪ ಕಷ್ಟ ಇತ್ತು. ಆರು ದಿನ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ಇಟ್ಟರು.

ತಂಗಿಯ ಪಾಲಿಸಿ ತಂಗಿಗೆ. ಮಗುವಿನ ಬಿಲ್ಲಿಗೆ ಅದು ಬರುವುದಿಲ್ಲ, ಯಾಕೆಂದರೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗು ನಮ್ಮದು. ಹಾಗಾಗಿ ಮಗು ನಮ್ಮ ಪಾಲಿಸಿಯಲ್ಲಿ ಇರಬೇಕು, ಅದೂ ಮೊದಲ ದಿನದಿಂದ. ಎಷ್ಟೋ ಪಾಲಿಸಿಗಳಲ್ಲಿ ಹೊಸ ಮಗುವನ್ನು 90 ದಿನ ಕಳೆದ ಮೇಲೆ ಸೇರಿಸುತ್ತಾರೆ. ನನ್ನ ಗಂಡನ ಆಫೀಸಿನ ಗ್ರೂಪ್ ಪಾಲಿಸಿಯಲ್ಲಿ ಮೊದಲ ದಿನದಿಂದ ಇತ್ತು. ಮೇ ತಿಂಗಳಲ್ಲೇ ಅವರ ಎಚ್‌ಆರ್‌ಗೆ ಪತ್ರ ಬರೆದು, ಮಗು ಈ ರೀತಿ ಬರುತ್ತದೆ, ಸೇರಿಸಲು ಯಾವ ಕಾಗದ ಬೇಕು ಎಂದು ಕೇಳಿಟ್ಟಿದ್ದೆವು. ಜನನ ಪ್ರಮಾಣಪತ್ರ ಇನ್ನೂ ಬಂದಿರಲಿಲ್ಲ. ಮ್ಯಾಜಿಸ್ಟ್ರೇಟ್ ಆದೇಶದ ಸರ್ಟಿಫೈಡ್ ಕಾಪಿ ತೋರಿಸಿದ ಮೇಲೆ ಸೇರಿಸಿಕೊಂಡರು. ಆ ಆರು ದಿನದ ಬಿಲ್ಲು ಹಾಗೆ ದಾಟಿತು.

ಜನನ ವರದಿಯಲ್ಲಿ ಒಂದು ತಪ್ಪಾಯಿತು. ತಾಯಿ ಕಾರ್ಡ್ ತಂಗಿಯ ಹೆಸರಿನಲ್ಲಿತ್ತು. ಅದನ್ನು ನೋಡಿ ಸಿಬ್ಬಂದಿ ವರದಿಯಲ್ಲೂ ತಾಯಿ ಎಂದು ಅವಳ ಹೆಸರನ್ನೇ ಬರೆದಿದ್ದರು. ಜನನ ನೋಂದಣಿಯ ಸರ್ಕಾರಿ ತಂತ್ರಾಂಶ ಇ-ಜನ್ಮಕ್ಕೆ ಹೋಗುವ ಮೊದಲು ನನ್ನ ಗಂಡ ಪ್ರತಿ ಕೇಳಿ ನೋಡಿದ್ದರಿಂದ ಅಲ್ಲೇ ಸರಿಯಾಯಿತು. ಹೋಗಿಬಿಟ್ಟಿದ್ದರೆ ತಿದ್ದುಪಡಿಗೆ ಅಲೆಯಬೇಕಿತ್ತು. 21 ದಿನದೊಳಗೆ ನೋಂದಣಿ ಆಗಬೇಕು. ಹೆರಿಗೆಗೆ ಸೇರಿಸುವ ದಿನವೇ ಕೋರ್ಟ್ ಆದೇಶದ ಒಂದು ಪ್ರತಿಯನ್ನು ಕೇಸ್ ಶೀಟಿನ ಜೊತೆ ಪಿನ್ ಮಾಡಿಸಿ.

ರಜೆಯ ವಿಷಯ. ಸ್ವಂತ ಅಂಡಾಣು ಕೊಟ್ಟ ತಾಯಿಗೆ ಮಗು ಕೈಗೆ ಬಂದ ದಿನದಿಂದ 12 ವಾರ ಹೆರಿಗೆ ರಜೆ ಇದೆ. 2017ರ ತಿದ್ದುಪಡಿಯಲ್ಲಿ ಬಂದದ್ದು. ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ನಾನೇ ಸೆಕ್ಷನ್ ತೋರಿಸಿ ಪಡೆದೆ. ಕೇಂದ್ರ ಸರ್ಕಾರಿ ನೌಕರರಿಗೆ 2024ರ ಜೂನ್‌ನಿಂದ 180 ದಿನ ಇದೆ. ಹೊರುವವಳೂ ಕೇಂದ್ರ ನೌಕರಳಾಗಿದ್ದರೆ ಅವಳಿಗೂ ಇದೆ. ತಂದೆ ಕೇಂದ್ರ ನೌಕರನಾಗಿದ್ದರೆ ಅವನಿಗೆ 15 ದಿನ.

ಹನ್ನೊಂದನೇ ದಿನ

ತಂಗಿ ಊರಿಗೆ ಹೋಗಿ ಬಾಣಂತನ ಶುರುವಾಗಿತ್ತು. ಹನ್ನೊಂದನೇ ದಿನ ಜ್ವರ ಬಂತು. ಹೊಲಿಗೆಯ ಜಾಗ ಕೆಂಪಾಗಿ ಕೀವು ಕಟ್ಟಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದಳು. ಮಗುವನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ನಾನು ಅವಳ ಪಕ್ಕ ಕೂತಿದ್ದೆ.

ಕ್ಯಾಶ್‌ಲೆಸ್ ಕೇಳಿದರೆ, ಹೆರಿಗೆಯ ಮಿತಿ ಮುಗಿದಿದೆ ಎಂದು ಉತ್ತರ ಬಂತು. ನಾವು ದುಡ್ಡು ಕಟ್ಟಿ ಬಿಡಿಸಿಕೊಂಡು ಬಂದೆವು. ಮರುದಿನ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದೆ. ಪಾಲಿಸಿ ಪುಸ್ತಕದ ಸಾಲಿನ ಫೋಟೋ, ಮೊದಲು ಅವರೇ ಈಮೇಲಿನಲ್ಲಿ ಕೊಟ್ಟಿದ್ದ ಉತ್ತರ, ಡಾಕ್ಟರು ಡಿಸ್ಚಾರ್ಜ್ ಸಮ್ಮರಿಯಲ್ಲಿ 'ಸಿಜೇರಿಯನ್ ನಂತರದ ಗಾಯದ ಸೋಂಕು' ಎಂದು ಸ್ಪಷ್ಟವಾಗಿ ಬರೆದದ್ದು, ಮೂರನ್ನೂ ಲಗತ್ತಿಸಿದೆ. ಇದು ಹೆರಿಗೆಯ ಖರ್ಚಲ್ಲ, ಹೆರಿಗೆ ನಂತರದ ತೊಡಕು, ಎಂದು ಒಂದೇ ಸಾಲು. ಹದಿನೇಳನೇ ದಿನ ದುಡ್ಡು ತಂಗಿಯ ಖಾತೆಗೆ ಬಂತು. ಅವಳು ಅದೇ ಸಂಜೆ ನಮಗೆ ವಾಪಸ್ ಹಾಕಿದಳು. ಕಟ್ಟಿದ್ದು ನಾವಾದ್ದರಿಂದ ಅದಕ್ಕೂ ಒಂದು ಚೀಟಿ ಬರೆದಿಟ್ಟೆ.

ನಿಮಗೆ ಹಾಗೆ ಬರದಿದ್ದರೆ ಸುಮ್ಮನಾಗಬೇಡಿ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, 155255ಕ್ಕೆ ಫೋನ್ ಮಾಡಬಹುದು. ಕಂಪನಿ ಒಂದು ತಿಂಗಳೊಳಗೆ ಉತ್ತರಿಸದಿದ್ದರೆ, ಅಥವಾ ಉತ್ತರ ಸರಿಯಿಲ್ಲದಿದ್ದರೆ, ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲೇ ಇದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ತಕರಾರು ತೀರ್ಮಾನ ಮಾಡುತ್ತಾರೆ. ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿಗೆ ಹೋಗುವಾಗ ಡಿಸ್ಚಾರ್ಜ್ ಸಮ್ಮರಿಯ ಪದಗಳೇ ನಿಮ್ಮ ಬಲ. ಆಸ್ಪತ್ರೆ ಬಿಡುವ ಮೊದಲು ಅದನ್ನು ಓದಿ, ಕಾರಣ ಸ್ಪಷ್ಟವಾಗಿ ಬರೆಯದಿದ್ದರೆ ಡಾಕ್ಟರ ಹತ್ತಿರ ಕೇಳಿ ಬರೆಸಿಕೊಳ್ಳಿ.

ಇನ್ನೊಂದು ಲೆಕ್ಕ ಉಳಿದಿದೆ. ನಮ್ಮ ಪಾಲಿಸಿ ಶುರುವಾದದ್ದು 2024ರ ಆಗಸ್ಟ್. ಮುಗಿಯುವುದು 2027ರ ಆಗಸ್ಟ್. ಆದರೆ ಹೆರಿಗೆ ಆದದ್ದು 2025ರ ಆಗಸ್ಟ್. ಕಾಗದದ ಪ್ರಕಾರ 36 ತಿಂಗಳು ಸರಿಯಾಗಿಯೇ ಇದೆ, ಅವಳ ಮೈಗೆ ಸಿಕ್ಕಿದ್ದು ಹೆರಿಗೆ ನಂತರದ 24 ತಿಂಗಳು ಮಾತ್ರ. ಕೋರ್ಟು ಮತ್ತು ಕಚೇರಿಯ ಓಡಾಟಕ್ಕೆ, ವಿಫಲವಾದ ಮೊದಲ ಪ್ರಯತ್ನಕ್ಕೆ, ಬಸುರಿಗೆ ಉಳಿದ ಹನ್ನೆರಡು ಹೋಯಿತು. ನೀವು ಪಾಲಿಸಿ ಕೊಳ್ಳುವಾಗಲೇ ಇದನ್ನು ಎಣಿಸಿ. ನಾವು 2027ರಲ್ಲಿ ಇನ್ನೊಂದು ವರ್ಷಕ್ಕೆ ನವೀಕರಿಸುತ್ತೇವೆ. ದಿನಾಂಕವನ್ನು ತಂಗಿಯ ಮನೆಯ ಕ್ಯಾಲೆಂಡರಿನ ಹಿಂದೆ ಅವಳ ಅತ್ತೆಯೇ ಬರೆಸಿಟ್ಟಿದ್ದಾರೆ. ಪಾಲಿಸಿಯ ಮೂಲ ಪುಸ್ತಕ, ಅಫಿಡವಿಟ್ಟಿನ ಒಂದು ಪ್ರತಿ, ಕನ್ನಡದ ಒಪ್ಪಿಗೆ ಪತ್ರ ಮೂರೂ ಅವರ ಟ್ರಂಕಿನಲ್ಲಿವೆ. ನಮ್ಮ ಮನೆಯಲ್ಲಿರುವುದು ಜೆರಾಕ್ಸ್.